ಪುಟ್ಟಮಲ್ಲಪ್ಪ ಅರ್ಧಕ್ಕೆ ಬಿಟ್ಟ ಆಟ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲು ನೆಂಟರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಹೊನ್ನಯ್ಯನಿಗೆ. ನೆಂಟರು ಬಸ್ಸು ಹಿಡಿದು ಬರಬೇಕು. ಹೊನ್ನಯ್ಯ ಹೇಳಿಕಳಿಸುವ ಮುಂಚೆಯೇ ಬಂದು ಜಗಲಿಯ ಮೇಲೆ ಕುಳಿತಿರುತ್ತಿದ್ದ. ಹೆಗಲ ಮೇಲೆ ಒಗೆದ ವಲ್ಲಿ, ಮುಖದ ಮೇಲೆ ನೇಕಾರರ ಸಂಘದ ಉಪಾಧ್ಯಕ್ಷನ ಗಾಂಭೀರ್ಯ.

ಸಾವಿನ ಮನೆಯಲ್ಲಿ ಅವನಿಗೆ ಎರಡು ಕೆಲಸ. ಒಂದು, ಹನ್ನೊಂದನೆಯ ದಿನದ ಭಾಷಣ. ಸತ್ತವನು ಹೆಂಡತಿಗೆ ಹೊಡೆಯುವವನಾಗಿರಲಿ, ಇಸ್ಪೀಟಿನಲ್ಲಿ ಮೋಸ ಮಾಡುವವನಾಗಿರಲಿ, ಹೊನ್ನಯ್ಯನ ಬಾಯಿಂದ ಹೊರಬೀಳುವಾಗ 'ಸದ್ಗುಣ ಸಂಪನ್ನ, ಸಮಾಜಮುಖಿ' ಆಗಿಯೇ ಬೀಳುತ್ತಿದ್ದ. ಇನ್ನೊಂದು ಕೆಲಸ ಮಗ್ಗದ್ದು. ನೇಯುವವನು ಸೀರೆ ಅರ್ಧಕ್ಕೆ ಬಿಟ್ಟು ಸತ್ತರೆ ಅದನ್ನು ಮನೆಯವರು ಮುಟ್ಟುವಂತಿಲ್ಲ. ಗೆಳೆಯನೊಬ್ಬ, ನೇಯುವವನು ಕಾಲಿಳಿಬಿಟ್ಟು ಕೂರುವ ಆ ಮಗ್ಗದ ಕುಣಿಗೆ ಇಳಿದು, ಉಳಿದದ್ದನ್ನು ನೇಯ್ದು, ಸೀರೆ ಕತ್ತರಿಸಿ ಮನೆಯಾಕೆಯ ಮಡಿಲಿಗೆ ಹಾಕಬೇಕು. ಹಾಗೆ ಮಾಡದಿದ್ದರೆ ಸತ್ತವನು ಉಳಿದ ನೂಲು ಹುಡುಕಿಕೊಂಡು ವಾಪಸ್ಸು ಬರುತ್ತಾನೆ ಎನ್ನುವುದು ಆ ಬೀದಿಯ ಹಿರಿಯರ ಮಾತು. ಬೀದಿಯಲ್ಲಿ ಸತ್ತವರೆಲ್ಲ ತನ್ನ ಗೆಳೆಯರೇ ಎಂದು ಹೊನ್ನಯ್ಯ ತಾನೇ ತೀರ್ಮಾನಿಸಿಕೊಂಡಿದ್ದರಿಂದ ಕುಣಿಗೆ ಇಳಿಯುವ ಹಕ್ಕಿಗೆ ಬೇರೆಯವರು ಪೈಪೋಟಿಗೆ ಬರುತ್ತಿರಲಿಲ್ಲ.

'ಅರ್ಧ ಬುಟ್ಟಿದ್ದು ಅಂದ್ರೆ ನಂಗಾಗಕ್ಕಿಲ್ಲ' ಎನ್ನುತ್ತಿದ್ದ. ಅದು ನಿಜ. ಎದುರಿಗಿದ್ದವರ ಮಾತನ್ನೂ ಅವನು ಅರ್ಧಕ್ಕೆ ಬಿಡುತ್ತಿರಲಿಲ್ಲ, ತಾನೇ ಮುಗಿಸಿಕೊಡುತ್ತಿದ್ದ.

ಅವನಿಗೆ ನಿಜವಾದ ಗೆಳೆಯರೂ ಇಬ್ಬರು ಇದ್ದರು. ಒಬ್ಬ ಪುಟ್ಟಮಲ್ಲಪ್ಪ, ಪಕ್ಕದ ಮನೆಯ ನೇಕಾರನ ಮಗ. ಎಂಬತ್ತರ ದಶಕದಲ್ಲಿ ಊರಿಗೆ ಟೀವಿ ಬಂದದ್ದೇ ತಡ, ಮಗ್ಗದ ಕುಣಿಯಿಂದ ಎದ್ದು, ಮೈಸೂರಿಗೆ ಹೋಗಿ ರಿಪೇರಿ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟ. ನೇಯ್ದದ್ದನ್ನು ಬಿಚ್ಚುವುದು ಹೊನ್ನಯ್ಯನ ಮಟ್ಟಿಗೆ ಪಾಪ, ಬಿಚ್ಚುವುದೇ ಮಲ್ಲಪ್ಪನ ಕಸುಬು. ಇನ್ನೊಬ್ಬ ಯಳಂದೂರಿನ ಬಿಳಿಗಿರಿ, ಗೆಳೆಯರ ಬಾಯಲ್ಲಿ ಬಿಳಿ. ಊರೂರಿನ ರೇಷ್ಮೆಗೂಡು ಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ತರುತ್ತಿದ್ದ. ಹರಾಜು ಮುಗಿದ ಮೇಲೆ ಮೂವರೂ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕುಳಿತರೆ ಮಾಲೀಕ ಕುರ್ಚಿಗಳನ್ನು ಮೇಜಿನ ಮೇಲೆ ಏರಿಸುವವರೆಗೂ ಏಳುತ್ತಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಬಿಳಿಗಿರಿ ಕಾಮಾಲೆಯಾಗಿ ತೀರಿಕೊಂಡ. ಹೊನ್ನಯ್ಯ ಯಳಂದೂರಿನಲ್ಲಿ ಮಾಡಿದ ಭಾಷಣ ಎಷ್ಟು ಉದ್ದವಿತ್ತೆಂದರೆ ಅಳುತ್ತಿದ್ದವರ ಕಣ್ಣೀರು ಆರಿ ಅವರಿಗೆ ಹಸಿವಾಗತೊಡಗಿತ್ತು. ಪುಟ್ಟಮಲ್ಲಪ್ಪ ಮಾತ್ರ ಆವತ್ತೂ ಬಾಯಿ ಬಿಡಲಿಲ್ಲ, ಆಮೇಲೂ ಬಿಳಿಯ ಸುದ್ದಿ ಎತ್ತಲಿಲ್ಲ. 'ಅವ್ನು ಬಿಳಿನ ಅಷ್ಟಾಗಿ ಅಚ್ಕಂಡಿರ್ನಿಲ್ಲ' ಎಂದು ಹೊನ್ನಯ್ಯ ತೀರ್ಪು ಕೊಟ್ಟ. ತಾನಂತೂ ಭಾಷಣದ ಕೊನೆಯ ಸಾಲಿನ ಜೊತೆ ಬಿಳಿಯನ್ನು ಅಚ್ಚುಕಟ್ಟಾಗಿ ಮುಗಿಸಿದ್ದ.

ಇನ್ನು ಆಟದ ವಿಷಯ. ಒಡೆಯರಪಾಳ್ಯದ ಟಿಬೆಟಿನವರೊಬ್ಬರು ಸ್ವೆಟರ್ ವ್ಯಾಪಾರಕ್ಕೆ ದೇಶ ಸುತ್ತುವವರು, ಒಂದು ವಿಡಿಯೋ ಗೇಮಿನ ಡಬ್ಬಿಯನ್ನೂ ಅದಕ್ಕೆ ಹಾಕುವ ಕ್ಯಾಸೆಟ್ಟನ್ನೂ ಮಲ್ಲಪ್ಪನ ಅಂಗಡಿಗೆ ರಿಪೇರಿಗೆ ಕೊಟ್ಟು ಹೋದರು. ವಾಪಸ್ಸು ಬರಲೇ ಇಲ್ಲ. ಸರಿಹೋಯಿತೋ ಇಲ್ಲವೋ ನೋಡಬೇಕಲ್ಲ ಎಂದು ಮಲ್ಲಪ್ಪ ಆಡಲು ಕೂತ. ಕಾರು ಓಡಿಸುವ, ಬಾಂಬು ಹಾಕುವ ಆಟವಲ್ಲ ಅದು. ಒಬ್ಬ ಮನುಷ್ಯ, ಸತ್ತುಹೋದ ಅವನ ಗೆಳೆಯ. ಮನುಷ್ಯ ಊರಿಂದ ಊರಿಗೆ ನಡೆದು ಸಿಕ್ಕವರನ್ನೆಲ್ಲ ಮಾತಾಡಿಸಬೇಕು. ಅವರು ಆ ಗೆಳೆಯನ ಒಂದೊಂದು ನೆನಪು ಹೇಳುತ್ತಾರೆ. ಹಿಂದೆ ಹೊಗೆಯ ಹಾಗೆ ಬರುವ ಗೆಳೆಯ ನೆನಪು ಸೇರಿದಷ್ಟೂ ನಿಚ್ಚಳವಾಗುತ್ತಾನೆ. ದಾರಿಯಲ್ಲಿ ಕೋರೆಹಲ್ಲಿನ ಪ್ರಾಣಿಗಳು ಮೇಲೆ ಬೀಳುತ್ತವೆ. ಸೋತರೆ ಮನುಷ್ಯ ಹಿಂದಿನ ಬಾವಿಕಟ್ಟೆಗೆ ಹೋಗಿ ಬೀಳುತ್ತಾನೆ, ಗೆಳೆಯ ಮತ್ತೆ ಒಂದಿಷ್ಟು ಹೊಗೆಯಾಗುತ್ತಾನೆ.

ಕ್ಯಾಸೆಟ್ಟಿಗೆ ಒಂದು ರೋಗವಿತ್ತು. ಆಡಿದ್ದನ್ನು ನೆನಪಿಟ್ಟುಕೊಳ್ಳಲು ಅದರೊಳಗೊಂದು ಗುಂಡಿ ಬ್ಯಾಟರಿ ಇರುತ್ತದಂತೆ, ಅದು ಸತ್ತಿತ್ತು. ಡಬ್ಬಿ ಆರಿಸಿದರೆ ಎಲ್ಲ ಹೋಗಿ ಮೊದಲಿನಿಂದ ಶುರು. ರಿಪೇರಿಯವನಿಗೆ ಹೊಸ ಬ್ಯಾಟರಿ ಹಾಕುವುದು ದೊಡ್ಡ ಕೆಲಸವಲ್ಲ. ಆದರೆ ಹಾಕಬೇಕಾದರೆ ಆರಿಸಬೇಕು, ಆರಿಸಿದರೆ ಉಳಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಇದು ಹೊಳೆಯುವ ಹೊತ್ತಿಗೆ ಮಲ್ಲಪ್ಪ ಬಹಳ ದೂರ ನಡೆದುಬಿಟ್ಟಿದ್ದ. ಹಾಗಾಗಿ ಡಬ್ಬಿಯನ್ನು ಒಂದು ಲಾರಿ ಬ್ಯಾಟರಿಗೆ ಕಟ್ಟಿ ಮನೆಯ ನಡುಮನೆಯಲ್ಲಿಟ್ಟ. ಕರೆಂಟು ಹೋಗಲಿ ಬರಲಿ, ಡಬ್ಬಿಯ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ತೊಂಬತ್ತೇಳರಲ್ಲಿ ಎದೆನೋವು ಬಂದು ಮಲ್ಲಪ್ಪ ಹೋದಾಗಲೂ ಉರಿಯುತ್ತಿತ್ತು.

ಹನ್ನೊಂದನೆಯ ದಿನ ಹೊನ್ನಯ್ಯ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಸಂಘದ ಹಿರಿಯ ಪುಟ್ಟಸಿದ್ದಯ್ಯ ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆ ಸರಿಸಿ ಕೇಳಿದ:

"ಲೇ ಒನ್ನಯ್ಯ, ಈಸಲ ನಿಂಗೇನ್ಲಾ ಕೆಲ್ಸ? ಇವ್ನಿಗೆ ಮಗ್ಗ ಎಲ್ಲಿತ್ತು?"

ನೆರೆದವರು ನಕ್ಕರು. ಆಪ್ತ ಗೆಳೆಯನ ತಿಥಿಯಲ್ಲಿ ತನ್ನ ಕೈಗೆ ಕೆಲಸವಿಲ್ಲ ಎಂದರೆ ಹೇಗೆ? ಹೊನ್ನಯ್ಯ ಎದ್ದು, ಮೂಲೆಯ ಕೆಂಪು ದೀಪದ ಕಡೆ ಕೈ ಚಾಚಿ ಘೋಷಿಸಿಬಿಟ್ಟ:

"ಅದೋ, ಅದೇ ಅವ್ನ ಮಗ್ಗ! ಅರ್ಧಕ್ಕೆ ನಿಂತದೆ. ಅದುನ್ನ ನಾನು ಮುಗ್ಸಿ, ನಮ್ಮ ಮಲ್ಲಪ್ಪುನ್ನ ಕಳುಸ್ತೀನಿ. ನಿಮ್ಮೆಲ್ರ ಮುಂದೆ ಯೋಳ್ತಾ ಇವ್ನಿ!"

ಮಲ್ಲಪ್ಪನ ಹೆಂಡತಿ ರುದ್ರಾಣಿ ಬಾಗಿಲ ಮರೆಯಿಂದ, "ಅಣ್ಣಯ್ಯ, ಅವ್ರು ಅದ್ರಲ್ಲಿ ದಿನಾ ಸಂಜೆ..." ಎಂದು ಶುರು ಮಾಡಿದಳು.

"ಒದ್ದಾಡ್ತಿದ್ದ, ಗೊತ್ತು ಬುಡವ್ವ" ಎಂದು ಹೊನ್ನಯ್ಯ ಅವಳ ಮಾತು ಮುಗಿಸಿದ. "ಇನ್ನು ಅದು ನನ್ ಜವಾಬ್ದಾರಿ."

ರುದ್ರಾಣಿ ಒಂದು ಗಳಿಗೆ ಅವನ ಮುಖ ನೋಡಿದಳು. "ಆರ್ಸ್‌ಬೇಡಿ ಮತ್ತೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಆರಿಸದೆ ಸಾಗಿಸುವುದೇ ಮೊದಲ ಕಷ್ಟವಾಯಿತು. ತಳ್ಳುಗಾಡಿಯ ಮೇಲೆ ಲಾರಿ ಬ್ಯಾಟರಿ, ಅದರ ಪಕ್ಕ ಹಾಸಿಗೆ ಮಡಿಸಿ ಡಬ್ಬಿ, ಡಬ್ಬಿಗೆ ಬಿಸಿಲು ತಾಗದಂತೆ ಹಳೆಯ ರೇಷ್ಮೆ ಪಂಚೆ. ಹೊನ್ನಯ್ಯ ಮುಂದೆ ಕೈ ಬೀಸುತ್ತ, "ದಾರಿ ಬುಡಿ, ದಾರಿ ಬುಡಿ" ಎನ್ನುತ್ತ ನಡೆದ. ಹೂ ಮಾರುವವಳು ಎದ್ದು ಕೈ ಮುಗಿದಳು. ಹನೂರಿನ ಕಡೆಯ ರೈತನೊಬ್ಬ ಚಪ್ಪಲಿ ಬಿಟ್ಟು, "ಯಾವ್ ದೇವ್ರು ಸಾ?" ಎಂದು ಕೇಳಿದ. ಹೊನ್ನಯ್ಯ, "ಓಗಯ್ಯ ಅತ್ಲಾಗೆ" ಎಂದ. ರೈತ ಅದನ್ನೇ ಅಪ್ಪಣೆ ಎಂದು ತಿಳಿದು ಕೆನ್ನೆ ಬಡಿದುಕೊಂಡು ಹೋದ.

ಮನೆಯಲ್ಲಿ ಹೆಂಡತಿ ರಂಗಮ್ಮ ಕಾದಿದ್ದಳು. ಮನೆಗಿದ್ದದ್ದು ಒಂದೇ ಟೀವಿ, ಅದರಲ್ಲಿ ಸಂಜೆ ಅವಳ ಧಾರಾವಾಹಿ.

"ಅಲ್ಲ ಕಣ್ರೀ, ಸತ್ತೋರ ಸೀರೆ ನೇಯ್ಯಕ್ಕೆ ಓಯ್ತೀನಿ ಅಂದ್ರಿ, ಸುಮ್ಕಿದ್ದೆ. ಈಗ ಸತ್ತೋರ ಆಟನೂ ನಮ್ಮನೇಲೇ ಆಡ್ಬೇಕಾ?"

"ನಾಕ್ ದಿನ ಕಣೆ. ನಂಗೆ ಏನು ದೊಡ್ ಕೆಲ್ಸ ಇದು?"

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಮೊದಲ ತೊಡಕು ಇಂಗ್ಲಿಷು. ಅದಕ್ಕೆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಿವಪ್ರಕಾಶ ಮೇಷ್ಟ್ರನ್ನು ಕರೆಸಿದ. ಅವರು ಸರ್ಕಾರಿ ಪತ್ರ ಬಿಟ್ಟು ಬೇರೇನನ್ನೂ ಓದಿದವರಲ್ಲ. ಪರದೆಯ ಮೇಲೆ ಒಬ್ಬ ಮುದುಕಿ ಬಂದು ಎರಡು ಮಾತಾಡಿದರೆ ಮೇಷ್ಟ್ರು ಕನ್ನಡಕ ಏರಿಸಿ, "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಸದರಿ ಮೃತ ಗೆಳೆಯರು ಸದರಿ ಅರ್ಜಿದಾರಳ ಮನೆಯ ಮಾವಿನಕಾಯಿಯನ್ನು ಕಿತ್ತಿರುತ್ತಾರೆ" ಎನ್ನುತ್ತಿದ್ದರು.

"ಮುದುಕಿ ಅಳ್ತಾ ಅವ್ಳೋ ನಗ್ತಾ ಅವ್ಳೋ, ಅದು ಯೋಳಿ ಮೇಷ್ಟ್ರೇ."

"ಅದರ ಬಗ್ಗೆ ಇಲ್ಲಿ ಏನನ್ನೂ ನಮೂದಿಸಿರುವುದಿಲ್ಲ, ಹೊನ್ನಯ್ಯನವರೇ."

ಎರಡನೆಯ ತೊಡಕು ಹೊನ್ನಯ್ಯನೇ. ಪ್ರಾಣಿ ಮೇಲೆ ಬಿದ್ದರೆ ಹಿಂದಕ್ಕೆ ಓಡಿ ತಪ್ಪಿಸಿಕೊಳ್ಳಲು ಆಟದಲ್ಲಿ ಅವಕಾಶವಿತ್ತು. ಮೇಷ್ಟ್ರು ಅದನ್ನು ಓದಿಯೂ ಹೇಳಿದ್ದರು. ಹೊನ್ನಯ್ಯ ಒಪ್ಪಲಿಲ್ಲ. "ಲಾಳಿ ಎಸೆದ್ಮೇಲೆ ಆಯ್ತು, ನೇಯ್ಗೆ ಮುಂದುಕ್ಕೇ ಓಗ್ಬೇಕು. ಇಂದುಕ್ಕೆ ಬರೋದು ನಮ್ ಕಸುಬಲ್ಲೇ ಇಲ್ಲ." ಹಾಗಾಗಿ ಸೋತ. ಮತ್ತೆ ಸೋತ. ಬಾವಿಕಟ್ಟೆಗೆ ಬಿದ್ದು ಎದ್ದು ಮತ್ತೆ ಹೋಗಿ ಅದೇ ಪ್ರಾಣಿಯ ಬಾಯಿಗೆ ಸಿಕ್ಕ. ಮಲ್ಲಪ್ಪ ಬಿಟ್ಟುಹೋದಾಗ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳವಾಗಿದ್ದ ಆ ಗೆಳೆಯ ಮೊದಲ ವಾರದಲ್ಲೇ ಹಸಿ ಸೌದೆಯ ಹೊಗೆಯಾದ. ಹೊನ್ನಯ್ಯ ಅದನ್ನು ಗಮನಿಸಲೇ ಇಲ್ಲ, ಮೊದಲಿನಿಂದಲೂ ಹೀಗೇ ಇರಬೇಕು ಅಂದುಕೊಂಡ. ಬೇರೆಯವರ ನೇಯ್ಗೆ ಮುಗಿಸಿಕೊಡುವವನು ಮಲ್ಲಪ್ಪನ ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚುತ್ತ ಕೂತಿದ್ದ.

ಹೆಸರುಗಳ ಸಂಗತಿ ಗೊತ್ತಾಗಿದ್ದು ಆಮೇಲೆ. ಪರದೆಯ ಮೂಲೆಯಲ್ಲಿ ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರ ಇದ್ದವು. ಆಡುವವನೇ ಇಟ್ಟ ಹೆಸರು ಅವು ಎಂದರು ಮೇಷ್ಟ್ರು. ನಡೆಯುವ ಮನುಷ್ಯನಿಗೆ 'ಮಲ್ಲ'. ಹಿಂದೆ ಬರುವ ಹೊಗೆಗೆ 'ಬಿಳಿ'.

ಹೊನ್ನಯ್ಯ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದ. ಆಮೇಲೆ ಕೇಳಿದ: "ನಾನೆಲ್ಲಿ?"

ಮೇಷ್ಟ್ರು ಹುಡುಕಿದರು. ಸಾಮಾನು ಹೊರಲು ಹಿಂದೆ ಒಂದು ಕತ್ತೆ ಬರುತ್ತಿತ್ತು. ಕರೆಯದಿದ್ದರೂ ಬರುತ್ತಿತ್ತು, ಪ್ರತಿ ಊರಿನ ಬಾಗಿಲಲ್ಲೂ ನಿಂತು ಒಂದಷ್ಟು ಹೊತ್ತು ಅರಚುತ್ತಿತ್ತು. ಅದರ ಕೆಳಗೆ 'ಹೊನ್ನ' ಎಂದಿತ್ತು.

ಅಡುಗೆಮನೆಯಲ್ಲಿ ರಂಗಮ್ಮ ಬಿದ್ದು ಬಿದ್ದು ನಕ್ಕ ಸದ್ದಿಗೆ ಬೆಕ್ಕು ಹೊರಗೆ ಓಡಿತು.

"ನಗಾಡ್ಕಂಡಿರು ನೀನು! ಅಲ್ಲಾ ಮೇಷ್ಟ್ರೇ, ಸತ್ತೋನ್ನ ಈಗ ಎಲ್ಲಿ ಅಂತ ಇಡ್ಕಂಡು ಬಯ್ಯನ? ಬದ್ಕಿದ್ದಾಗ ಯೋಳಿದ್ರೆ ಎರಡೇಟು ಆಕ್ತಿದ್ದೆ."

"ಸದರಿ ಪ್ರಾಣಿಗೆ ಸಾವಿಲ್ಲವೆಂದು ಇಲ್ಲಿ ನಮೂದಿಸಿದೆ" ಎಂದರು ಮೇಷ್ಟ್ರು, ಸಮಾಧಾನಕ್ಕೆ.

ಮುಖಕ್ಕೆ ಹೊಡೆದಂತಾದರೂ ಬಿಡುವ ಹಾಗಿರಲಿಲ್ಲ. ಊರಿಗೆ ಊರೇ ಕೇಳುತ್ತಿತ್ತು. ಕ್ಷೌರದ ಅಂಗಡಿಯಲ್ಲಿ, "ಮುಗೀತಾ ಅಣ್ಣ?" ಗೂಡಿನ ಮಾರ್ಕೆಟ್ಟಿನಲ್ಲಿ, "ಎಲ್ಲಿಗಂಟ ಬಂತು?" ಹನೂರಿನ ಮದುವೆಗೆಂದು ಹೋದರೆ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ಅದನ್ನೇ ಕೇಳಿದ. ಊಟದ ಎಲೆಯ ಮುಂದೆ ಕೂತಾಗ ಕೊಳ್ಳೇಗಾಲದಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ ಎಂದು ಯಾರೋ ಅಂದರು. ಬ್ಯಾಟರಿ ಚಾರ್ಜು ಎಷ್ಟಿತ್ತೋ ಎಂದು ಹೊನ್ನಯ್ಯ ಪಾಯಸ ಬರುವ ಮುಂಚೆಯೇ ಎದ್ದು ಬಸ್ಸಿಗೆ ಓಡಿದ. ಬಂದು ನೋಡಿದರೆ ಕೆಂಪು ದೀಪ ಆರಾಮಾಗಿ ಉರಿಯುತ್ತಿತ್ತು. ಅದು ಆರಿಹೋಗಿದ್ದರೆ ತನಗೆ ಸಿಗಬಹುದಾಗಿದ್ದ ನೆಮ್ಮದಿಯನ್ನು ನೆನೆದು ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಅದಕ್ಕಿಂತ ದೊಡ್ಡ ಕಿರಿಕಿರಿ ಬೇರೆ ಇತ್ತು. ಆಟದ ಯಾವುದೋ ಊರಿನ ಕಮ್ಮಾರ, "ಆತ ಯಾವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದ" ಎಂದ. ಹೊನ್ನಯ್ಯ ತಟ್ಟನೆ, "ಬಿಳಿನೂ ಅಂಗೇ ಕುಂತ್ಕತಿದ್ದ ಕಣ್ರಿ, ಓಟ್ಲಲ್ಲಿ" ಎಂದುಬಿಟ್ಟ. ಎಂದ ಮೇಲೆ ನೆನಪುಗಳು ಬಿಡದೆ ಬಂದವು. ಜೋಕು ಹೇಳುವ ಮೊದಲೇ ಬಿಳಿ ತಾನೇ ನಕ್ಕು ಮುಗಿಸುತ್ತಿದ್ದದ್ದು. ವಡೆಯನ್ನು ಸುತ್ತಲೂ ಕಚ್ಚಿ, ತೂತನ್ನು ನಿಮಗೆ ಉಳಿಸಿದ್ದೀನಿ ಎನ್ನುತ್ತಿದ್ದದ್ದು. ಅಂಗಿಯ ಮೇಲೆ ಯಾವಾಗಲೂ ಗೂಡಿನ ಒಂದೆರಡು ಎಳೆ. ಯಳಂದೂರಿನ ಅಷ್ಟುದ್ದ ಭಾಷಣದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಮಗ್ಗದ ಮುಂದೆ ಕೂತರೂ ನೆನಪಾಗಿ ಲಾಳಿ ತಪ್ಪುತ್ತಿತ್ತು. ಎಂಟು ವರ್ಷದ ಹಿಂದೆ ಮುಗಿಸಿಟ್ಟ ಮನುಷ್ಯ ಹೀಗೆ ಎದ್ದು ಬಂದು ಕಾಡುವುದು ಯಾವ ನ್ಯಾಯ?

ಅಂತೂ ನೆನಪುಗಳೆಲ್ಲ ಮತ್ತೆ ಸೇರಿ, ಪರದೆಯ ಬಿಳಿಗೆ ಕಣ್ಣು ಮೂಗು ಬಂದು, ದೂರದಲ್ಲಿ ಒಂದು ಹೊಳೆ, ಹೊಳೆಯ ಮೇಲೊಂದು ಗೇಟು ಕಂಡವು. ದಡದ ಬಾವಿಕಟ್ಟೆಯ ಹತ್ತಿರ ಹೊನ್ನಯ್ಯ ಆಟ ನಿಲ್ಲಿಸಿದ. ಕೊನೆಯ ಲಾಳಿ ಎಸೆಯಲು ಸಾಕ್ಷಿ ಬೇಡವೆ? ಭಾನುವಾರ ಮಧ್ಯಾಹ್ನ ಸಂಘದವರನ್ನೆಲ್ಲ ಕರೆದ. ಪುಟ್ಟಸಿದ್ದಯ್ಯನಿಗೆ ಮುಂದಿನ ಕುರ್ಚಿ. ರುದ್ರಾಣಿಯನ್ನೂ ಕರೆಸಿ ಹೆಂಗಸರ ಸಾಲಿನಲ್ಲಿ ಕೂರಿಸಿದ. ರಂಗಮ್ಮ ಖಾರಾಬಾತು ಮಾಡಿದಳು, ಇವತ್ತಿಗೆ ಟೀವಿ ವಾಪಸ್ಸು ಬರುತ್ತದಲ್ಲ ಎಂಬ ಖುಷಿಗೆ. ಹೊನ್ನಯ್ಯ ಸಣ್ಣದಾಗಿ ಒಂದು ಭಾಷಣವನ್ನೂ ಮಾಡಿದ. ಮಲ್ಲಪ್ಪ ಕೈಲಾಗದೆ ಕೈಬಿಟ್ಟದ್ದು, ಗೆಳೆತನ ಕೈಹಿಡಿದು ದಡ ಸೇರಿಸುತ್ತಿರುವುದು, ಇತ್ಯಾದಿ.

ಗೇಟಿನ ಬಳಿ ಒಬ್ಬ ಮುದುಕ ಬಂದ. ಪರದೆಯ ತುಂಬ ಅಕ್ಷರ ಬಂದವು. ಮೇಷ್ಟ್ರು ಎದ್ದು ನಿಂತು ಓದಿದರು:

"ಈ ಗೇಟನ್ನು ಒಬ್ಬರು ಮಾತ್ರ ದಾಟತಕ್ಕದ್ದು. ತಮ್ಮೊಡನೆ ಬಂದಿರುವ ಮೃತ ಗೆಳೆಯರನ್ನು ಇಲ್ಲಿಯೇ ಬಿಟ್ಟು ಹೋಗತಕ್ಕದ್ದು. ಬಿಟ್ಟ ನಂತರ ಅವರ ಹೆಸರನ್ನೂ ಅವರಿಗೆ ಸಂಬಂಧಿಸಿದ ಸಕಲ ನೆನಪುಗಳನ್ನೂ ಅಳಿಸಲಾಗುವುದು. ಒಪ್ಪಿಗೆ ಇದೆಯೇ, ಇಲ್ಲವೇ?"

ಮೇಷ್ಟ್ರು ಕೂತರು. ಆಮೇಲೆ ಪುಟ್ಟಸಿದ್ದಯ್ಯ, "ಒತ್ತಲಾ, ಇನ್ನೇನು ನೋಡ್ತೀಯ? ಬೊಂಬೆ ತಾನೆ" ಎಂದ.

ಹೊನ್ನಯ್ಯನ ಹೆಬ್ಬೆರಳು ಗುಂಡಿಯ ಮೇಲಿತ್ತು. ಮಗ್ಗದ ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಬೆರಳು, ಹೇಳಿದ ಕೆಲಸಕ್ಕೆ ಯಾವತ್ತೂ ಹಿಂದೆಗೆದದ್ದಲ್ಲ. ಪರದೆಯಲ್ಲಿ ಬಿಳಿ ಗೇಟಿಗೆ ಬೆನ್ನು ಹಾಕಿ ನಿಂತಿದ್ದ.

"ಅವ್ರೂ ಅಲ್ಲಿಗಂಟ ಬರೋರು ಅಣ್ಣಯ್ಯ" ಎಂದಳು ರುದ್ರಾಣಿ.

"ಯಾರು?"

"ನಮ್ಮನೆಯವ್ರು. ದಿನಾ ಸಂಜೆ ಇಲ್ಲಿಗೆ ಬರೋರು. ಒಂದಿಷ್ಟೊತ್ತು ನಿಂತ್ಕಳೋರು. ಆಮೇಲೆ, 'ಬಿಳಿನ ಅವ್ನ ಊರ್ಗೆ ಬುಟ್ಬುಟ್ಟು ಬತ್ತೀನಿ, ಅನ್ನ ಬಡ್ಸು' ಅಂತ ತಿರುಗ್ಸ್ಕಂಡು ಓಗೋರು."

"ಅಂಗಾರೆ ಅವ್ನಿಗೆ ಮುಗ್ಸಕ್ಕೆ ಬರ್ದೆ ನಿಂತಿದ್ದಲ್ವಾ?"

"ಬರ್ದೆ ಏನು. ಎರಡ್ ವರ್ಸದಿಂದ ಇಲ್ಲಿಗಂಟ ಬರೋರು, ಗೇಟ್ ದಾಟ್ತಿರ್ನಿಲ್ಲ ಅಷ್ಟೆ."

"ಮತ್ತೆ ಇದುನ್ನ ಮೊದ್ಲೇ ಯೋಳ್ಬಾರ್ದಾ ನೀನು?"

"ಯೋಳಕ್ಕೆ ಎಲ್ ಬುಟ್ರಿ?"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೊನ್ನಯ್ಯನಿಗೆ ಕಿವಿಯೆಲ್ಲ ಬಿಸಿಯಾಯಿತು. ಎದುರಿಗೆ ಸಂಘ, ಹಿಂದೆ ತಾನೇ ಮಾಡಿದ ಭಾಷಣ, ಹನ್ನೊಂದನೆಯ ದಿನ ಕೊಟ್ಟ ಮಾತು. ಒಂದು ಸಲ ಒತ್ತಿದರೆ ಮಾತೂ ಉಳಿಯುತ್ತದೆ, ಟೀವಿಯೂ ಸಿಗುತ್ತದೆ. ಬಾಗಿಲಿಗೆ ಬೆನ್ನು ಹಾಕುವ, ವಡೆಯ ತೂತು ಉಳಿಸುವ ಇವನು ಮಾತ್ರ ಇರುವುದಿಲ್ಲ. ಮೊದಲ ಸಲ, ಯಳಂದೂರಿನ ಭಾಷಣದಲ್ಲಿ, ಇವನನ್ನು ಸಾಯಿಸಿದಾಗ ಅಷ್ಟು ಸುಲಭವಾಗಿತ್ತಲ್ಲ ಎಂದು ಹೊನ್ನಯ್ಯನಿಗೆ ಗೊತ್ತಿಲ್ಲದೆಯೇ ಒಂದು ಯೋಚನೆ ಬಂದು ಹೋಯಿತು.

'ಇಲ್ಲ' ಎಂದು ಒತ್ತಿದ.

ಮುದುಕ ಮತ್ತೆ ಕೇಳಿದ. "ಪುನಃ ವಿಚಾರಿಸುತ್ತಿದ್ದಾರೆ" ಎಂದರು ಮೇಷ್ಟ್ರು, ಮೆಲ್ಲಗೆ.

"ಎಷ್ಟ್ ಸಲ ಕೇಳಿದ್ರೂ ಇಲ್ಲ ಅನ್ನಿ!" ಎಂದು ಹೊನ್ನಯ್ಯ ಮೇಷ್ಟ್ರ ಮೇಲೆ ರೇಗಿ ಮತ್ತೆ ಒತ್ತಿದ.

ಗೇಟು ಮುಚ್ಚಿಯೇ ಇತ್ತು. ಬಂದವರಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಇದುನ್ನ ನೋಡಕ್ಕಾ ಕರ್ದಿದ್ದು?" ಎಂದ ಒಬ್ಬ. "ಖಾರಾಬಾತು ಚೆನ್ನಾಗಿತ್ತು ಬುಡು" ಎಂದ ಇನ್ನೊಬ್ಬ. ಪುಟ್ಟಸಿದ್ದಯ್ಯ ಎದ್ದು ವಲ್ಲಿ ಕೊಡವಿ, "ಊರೋರ ಸೀರೆನೆಲ್ಲ ಮುಗ್ಸಿ, ಒಂದ್ ಬೊಂಬೆ ಆಟದಲ್ಲಿ ಮಕಾಡೆ ಬಿದ್ದೆ ನೋಡು ಒನ್ನಯ್ಯ. ನಾಳೆ ಯಾರಾರ ಕೇಳಿದ್ರೆ ಏನನ್ಲಿ?" ಎಂದ.

"ಮುಗೀನಿಲ್ಲ ಅನ್ನು."

"ಯಾಕೆ ಅಂದ್ರೆ?"

ಭಾಷಣಕ್ಕೆ ಇಷ್ಟು ಒಳ್ಳೆಯ ಅವಕಾಶ ಹೊನ್ನಯ್ಯನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. "ನನ್ ಇಷ್ಟ ಅನ್ನು, ಓಗು" ಎಂದ.

ಎಲ್ಲರೂ ಹೋದರು. ರುದ್ರಾಣಿ ಉಳಿದಳು. ಪರದೆಯಲ್ಲಿ ಮಲ್ಲ, ಬಿಳಿ ಇಬ್ಬರೂ ಹೊಳೆಯ ದಡದಲ್ಲೇ ನಿಂತಿದ್ದರು. ಹಾಗೆ ಬಿಟ್ಟು ಏಳುವಂತಿರಲಿಲ್ಲ. ಆದರೆ ಹೊನ್ನಯ್ಯ ಈ ಆಟದಲ್ಲಿ ಮುಂದಕ್ಕೆ ಮಾತ್ರ ಬಂದವನು, ವಾಪಸ್ಸು ಹೋಗುವ ದಾರಿ ಅವನಿಗೆ ಗೊತ್ತೇ ಇರಲಿಲ್ಲ. ಎರಡು ಹೆಜ್ಜೆ ನಡೆಸಿದ. ಕೋರೆಹಲ್ಲಿನದೊಂದು ಬಂದು ಹೊಡೆದುಹಾಕಿತು. ಬಾವಿಕಟ್ಟೆಯಲ್ಲಿ ಎದ್ದಾಗ ಬಿಳಿಯ ಮುಖ ಒಂದಿಷ್ಟು ಮಸುಕಾಗಿತ್ತು.

"ಸಾಯೋನು ನೆಟ್ಟುಗೆ ಸಾಯ್ಬಾರ್ದಾ ಇವ್ನು!" ಎಂದು ಹೊನ್ನಯ್ಯ ಸತ್ತ ಮಲ್ಲಪ್ಪನಿಗೆ ಬಾಯಿಗೆ ಬಂದಂತೆ ಬೈಯತೊಡಗಿದ. "ಬಾಯ್ಬುಟ್ಟು ಒಂದ್ ಮಾತು ಯೋಳಿದ್ರೆ ಆಗಕ್ಕಿಲ್ವಾ? ಇವ್ನೊಬ್ನೇ ಕುಂತ್ಕಂಡು, ದಿನಾ ಅವ್ನ ಜೊತೆ ಓಡಾಡ್ಕಂಡು... ನನ್ನ ಕತ್ತೆ ಮಾಡಿ ನಿಲ್ಸಿ... ನಾನೇನು ಬತ್ತಿರ್ನಿಲ್ವಾ, ಕರ್ದಿದ್ರೆ?"

ಬೈಗುಳ ಎಲ್ಲೋ ಅಡ್ಡದಾರಿ ಹಿಡಿಯುತ್ತಿದೆ ಅನ್ನಿಸಿ ಅಲ್ಲಿಗೇ ನಿಲ್ಲಿಸಿ ಮೂಗೊರೆಸಿಕೊಂಡ.

ಅಡುಗೆಮನೆಯಿಂದ ರಂಗಮ್ಮ, "ಅಂಗಾರೆ ಟೀವಿ?" ಎಂದು ಕೂಗಿದಳು.

"ತಡಿಯೇ! ಇವ್ನ ಊರ್ಗೆ ಬುಟ್ಟು ಬರ್ಬೇಕು, ದಾರಿನೇ ಸಿಗ್ತಿಲ್ಲ!"

"ಎಡುಕ್ಕೆ ಅಣ್ಣಯ್ಯ" ಎಂದಳು ರುದ್ರಾಣಿ. "ಆ ಮರ ದಾಟ್ಕಂಡು..."

"ಗೊತ್ತು ಬುಡವ್ವ" ಎಂದು ಹೊನ್ನಯ್ಯ ಬಲಕ್ಕೆ ತಿರುಗಿಸಿದ. ಮತ್ತೆ ಹೊಡೆತ, ಮತ್ತೆ ಬಾವಿಕಟ್ಟೆ, ಬಿಳಿ ಮತ್ತಷ್ಟು ಮಸುಕು. ಹೊನ್ನಯ್ಯ ಹಲ್ಲು ಕಚ್ಚಿಕೊಂಡು ಒಂದಷ್ಟು ಹೊತ್ತು ಪರದೆಯನ್ನೇ ದುರುಗುಟ್ಟಿ ನೋಡಿದ.

"ಮರ ದಾಟ್ಕಂಡು?" ಎಂದ ಕೊನೆಗೆ. "ಆಮೇಲೆ ಎತ್ಲಾಗೆ? ಯೋಳು."